ಅಂಗಡಿ ಪುಸ್ತಕ

ಹೋದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯೊಂದು ಕೆಳಗಿಳಿಯಿತು. ಅದರೊಳಗೆ ನಮ್ಮತ್ತೆಯವರ ಕಾಲದ ಹಿತ್ತಾಳೆಯ ಪಾವು, ಚಟಾಕು, ಹರಿದ ಪಂಚಾಂಗಗಳು. ಎಲ್ಲಕ್ಕಿಂತ ಅಡಿಯಲ್ಲಿ ಗೋಣಿದಾರದಿಂದ ಕಟ್ಟಿದ ಉದ್ದುದ್ದನೆಯ ಕೆಂಪು ರಟ್ಟಿನ ಪುಸ್ತಕಗಳು. ಅಂಗಡಿ ಪುಸ್ತಕಗಳು. ಐವತ್ತು ದಾಟಿದ ಗೃಹಿಣಿಯರಿಗೆ ಇವು ಏನೆಂದು ಹೇಳಬೇಕಾಗಿಲ್ಲ. ತಿಂಗಳ ಸಾಮಾನನ್ನು ಲೆಕ್ಕಕ್ಕೆ ಬರೆಸಿ ತರುವುದು, ಸಂಬಳ ಬಂದ ಮೇಲೆ ತೀರಿಸುವುದು. ಶೆಟ್ಟರ ಬಳಿ ಒಂದು ಪುಸ್ತಕ, ನಮ್ಮ ಬಳಿ ಒಂದು. ಎರಡೂ ತಾಳೆಯಾಗದಿದ್ದರೆ ನಮ್ಮ ಮಾವನವರು ಕೊಡೆ ಹಿಡಿದು ಖುದ್ದಾಗಿ ಪೇಟೆಗೆ ಹೊರಡುತ್ತಿದ್ದರು.

ಹಳೆಯ ಪೇಪರಿನವನಿಗೆ ಹಾಕೋಣವೆಂದು ತೆಗೆದಿಟ್ಟವಳು ಸುಮ್ಮನೆ ಒಂದನ್ನು ಬಿಡಿಸಿದೆ. 1979ರದು. ಆಮೇಲೆ ಇನ್ನೊಂದು. ಅಂದು ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿಯನ್ನು ಅದೆಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಅಟ್ಟದ ಮೇಲೆಯೇ ಇಂಥದೊಂದು ದಾಖಲೆ ಕೂತಿತ್ತೆಂಬುದು ಮಾತ್ರ ಗೊತ್ತಿರಲಿಲ್ಲ.

ಯಾವುದರ ದಾಖಲೆ ಎಂದು ಕೇಳಿದರೆ, ನಮ್ಮ ಮನೆಯ ಹೆಂಗಸರ ಮೈಯ ದಾಖಲೆ ಎನ್ನಬೇಕು. ಅದರಲ್ಲೂ ನನ್ನ ವಾರಗಿತ್ತಿಯದು.

ಅವಳು 1982ರಲ್ಲಿ ನಮ್ಮ ಮನೆಗೆ ಬಂದಾಗ ಬೆತ್ತದ ಹಾಗಿದ್ದಳು. ಮದುವೆಯ ರವಿಕೆಯನ್ನು ಎರಡೂ ಕಡೆ ಹಿಡಿಸಬೇಕಾಗಿ ಬಂದಿತ್ತು. ನಲವತ್ತು ತುಂಬುವಷ್ಟರಲ್ಲಿ ಆಟೋ ಹತ್ತಬೇಕಾದರೆ ಒಬ್ಬರು ಕೈ ಕೊಡಬೇಕಾಯಿತು. ಮೊದಲು ಮಂಡಿನೋವು, ಆಮೇಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊನೆಗೆ ಮೂತ್ರಪಿಂಡ. 2011ರಲ್ಲಿ ತೀರಿಕೊಂಡಳು. ಐವತ್ತಾಗಿತ್ತು, ಅಷ್ಟೆ. ಬದುಕಿದ್ದಷ್ಟು ದಿನ ಎಲ್ಲರೂ ಅವಳಿಗೆ ಹೇಳಿದ್ದು ಒಂದೇ ಮಾತು, "ಬಾಯಿ ಕಟ್ಟು." ಡಾಕ್ಟರು ಹೇಳಿದರು, ನಮ್ಮ ಮೈದುನ ಹೇಳಿದ, ಮದುವೆ ಮನೆಗಳಲ್ಲಿ ಸಿಕ್ಕಿದ ದೂರದ ನೆಂಟರು ಹೇಳಿದರು. ನಾನೂ ಹೇಳಿದ್ದೇನೆ. ತಮಾಷೆಯಾಗಿ ಹೇಳಿದ್ದೇನೆ, ಅದು ಇನ್ನೂ ಕೆಟ್ಟದ್ದು.

ಪುಸ್ತಕಕ್ಕೆ ಬರುತ್ತೇನೆ. ಆಗ ನಾವು ಹಾಸನದ ಇದೇ ಮನೆಯಲ್ಲಿ ಒಂಬತ್ತು ಜನ. ಶೆಟ್ಟರ ಅಂಗಡಿ ಪೇಟೆಯಲ್ಲಿ, ನಮ್ಮ ಮನೆಯಿಂದ ಒಂದು ಮೈಲಿ ದೂರ. ತಿಂಗಳಿಗೊಮ್ಮೆ ಚೀಟಿ ಹೋಗುತ್ತಿತ್ತು, ಕೈಗಾಡಿಯಲ್ಲಿ ಸಾಮಾನು ಬರುತ್ತಿತ್ತು. 1979ರ ಆಗಸ್ಟ್ ತಿಂಗಳ ಪುಟದಲ್ಲಿ ಇರುವುದು ಇಷ್ಟು: ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಧನಿಯ, ಹುಣಿಸೆಹಣ್ಣು, ಬೆಲ್ಲದ ಅಚ್ಚು, ಕಡಲೆಕಾಯಿ ಎಣ್ಣೆ ಮೂರು ಕಿಲೋ, ಹುರಿಗಡಲೆ, ಬಾರ್ ಸೋಪು, ಬೆಂಕಿಪೊಟ್ಟಣ. ರಾಗಿ, ಅವರೆ, ಹುರುಳಿ ಊರಿನ ಹೊಲದಿಂದ ಬರುತ್ತಿದ್ದವು. ಸಕ್ಕರೆ, ಸೀಮೆಎಣ್ಣೆ ಸೊಸೈಟಿಯಿಂದ. ಸೊಪ್ಪು ತರಕಾರಿ ಸಂತೆಯಿಂದ, ಇಲ್ಲವೆ ಬೆಳಿಗ್ಗೆ ಮಂಕರಿ ಹೊತ್ತು ಬರುವವಳಿಂದ. ಗೌರಿ ಹಬ್ಬದ ತಿಂಗಳಲ್ಲೂ ಎಣ್ಣೆ ನಾಲ್ಕು ಕಿಲೋ ದಾಟಿಲ್ಲ.

ಆ ಪುಟವನ್ನು ಎರಡು ಮೂರು ಸಲ ಓದಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಬೆಲ್ಲ, ಹುರಿಗಡಲೆ ಬಿಟ್ಟರೆ ಅಂಗಡಿಯಿಂದ ಬಂದ ಯಾವುದನ್ನೂ ಹಾಗೆಯೇ ಬಾಯಿಗೆ ಹಾಕಿಕೊಳ್ಳುವಂತಿರಲಿಲ್ಲ. ಆರಿಸಬೇಕು, ಕೇರಬೇಕು, ನೆನೆಹಾಕಬೇಕು, ರುಬ್ಬಬೇಕು, ಒಲೆ ಉರಿಸಬೇಕು. ಹಸಿವಿಗೂ ಊಟಕ್ಕೂ ನಡುವೆ ಒಬ್ಬ ಹೆಂಗಸಿನ ಅರ್ಧ ದಿನದ ಕೆಲಸ ಇರುತ್ತಿತ್ತು. ಸಾಯಂಕಾಲ ನಾಲ್ಕು ಗಂಟೆಗೆ ಏನಾದರೂ ಕುರುಕಲು ತಿನ್ನಬೇಕು ಅನ್ನಿಸಿದರೆ ಚಕ್ಕುಲಿ ಒರಳು ಹುಡುಕಬೇಕು, ಹಿಟ್ಟು ಕಲೆಸಬೇಕು, ಬಾಣಲೆ ಇಡಬೇಕು. ಬೇಡ ಬಿಡು ಎಂದು ಒಂದು ಹಿಡಿ ಹುರಿಗಡಲೆ ತಿಂದು ನೀರು ಕುಡಿಯುತ್ತಿದ್ದೆವು. ನಮಗೆ ಆಗ ನಾಲಿಗೆಯ ಮೇಲೆ ಹಿಡಿತವಿತ್ತೆಂದು ಈಗಿನವರು ಹೊಗಳುತ್ತಾರೆ. ನಮಗಿದ್ದದ್ದು ತೋಳುನೋವು.

ಈ ಮಾತನ್ನು ಹಳೆಯದೆಲ್ಲ ಒಳ್ಳೆಯದು ಎಂಬ ಹಾಡಿನ ಪಲ್ಲವಿಯೆಂದು ದಯವಿಟ್ಟು ತಿಳಿಯಬೇಡಿ. ಒರಳುಕಲ್ಲಿನ ಮುಂದೆ ಕೂತವರಿಗೆ ಆ ಕಾಲ ವಾಪಸು ಬರಲಿ ಎಂಬ ಆಸೆ ಇರುವುದಿಲ್ಲ. ನಾನಂತೂ ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲಿಗೆ ಹೊರಟುಬಿಡುತ್ತಿದ್ದೆ. 1982ರ ನಂತರ ಆ ಒರಳಿನ ಮುಂದೆ ಕೂತವಳು ನನ್ನ ವಾರಗಿತ್ತಿ. ನಾನು ಮಕ್ಕಳಿಗೆ ಸ್ತ್ರೀಶಿಕ್ಷಣದ ಮಹತ್ವವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಹೊತ್ತಿಗೆ ಅವಳು ಒಂಬತ್ತು ಜನಕ್ಕೆ ಬಸ್ಸಾರು ಮಾಡಿ, ಮುದ್ದೆ ತೊಳಸಿ, ಎಲ್ಲರಿಗೂ ಬಡಿಸಿ, ಎರಡೂವರೆ ಮೂರು ಗಂಟೆಗೆ ಮಿಕ್ಕಿದ್ದನ್ನು ಉಣ್ಣುತ್ತಿದ್ದಳು. ಎಷ್ಟೋ ದಿನ ಮಿಕ್ಕುತ್ತಿದ್ದದ್ದು ಅನ್ನ ಮಾತ್ರ.

ನಮ್ಮ ಬೀದಿಯ ತಿರುವಿನಲ್ಲಿ ಬೇಕರಿ ತೆರೆದದ್ದು 1984ರಲ್ಲಿ.

ಬೇಕರಿಯ ವಿಷಯಕ್ಕೆ ಬಂದರೆ ಹಾಸನದವರಾದ ನಾವು ಸ್ವಲ್ಪ ಎದೆಯುಬ್ಬಿಸಬಹುದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿ ಪ್ರಾರಂಭಿಸಿದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯಿಂದ ಹೋದವರು. ಮೊದಲು ಸಿಹಿತಿಂಡಿ ಅಂಗಡಿ ಇಟ್ಟಿದ್ದರಂತೆ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷರೊಬ್ಬರಿಂದ ಬ್ರೆಡ್ಡು ಮಾಡುವುದನ್ನು ಕಲಿತರಂತೆ. ಅಲ್ಲಿಂದ ಮುಂದೆ ಈ ಜಿಲ್ಲೆಯ ಹಳ್ಳಿಗಳ ಅಯ್ಯಂಗಾರ್ ಮನೆತನಗಳ ಹುಡುಗರು ಊರೂರಿಗೆ ಹೋಗಿ ಒಲೆ ಹೂಡಿದರು. ಮೊಟ್ಟೆ ಹಾಕದ ಕೇಕು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಮಸಾಲೆ ಹಾಕಿದ ಕಾಂಗ್ರೆಸ್ ಕಡಲೆಕಾಯಿ, ಇವೆಲ್ಲ ಅವರ ಕೈಗುಣದಿಂದ ನಮ್ಮದಾದ ತಿಂಡಿಗಳು. ಇಷ್ಟಾದರೂ ನಮ್ಮತ್ತೆಯವರ ಕಾಲದ ಮನೆಗಳಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ಆಹಾರ. ಯಾರದಾದರೂ ಮನೆಗೆ ಬ್ರೆಡ್ಡು ಹೋಗುವುದನ್ನು ಕಂಡರೆ "ಯಾರಿಗಮ್ಮಾ ಹುಷಾರಿಲ್ಲ?" ಎಂದು ಕೇಳುತ್ತಿದ್ದರು.

ಬೀದಿ ತಿರುವಿಗೆ ಬೇಕರಿ ಬಂದದ್ದೇ ಆ ಪ್ರಶ್ನೆ ನಿಂತುಹೋಯಿತು. ಸಾಯಂಕಾಲ ನಾಲ್ಕಕ್ಕೆ ಒಲೆಯಿಂದ ಬನ್ನಿನ ತಟ್ಟೆ ಹೊರಗೆಳೆದರೆ ವಾಸನೆ ನಮ್ಮ ಹಿತ್ತಿಲಿನವರೆಗೆ ಬರುತ್ತಿತ್ತು. ಮೂರು ಗಂಟೆಗೆ ಉಂಡೂ ಉಣ್ಣದ ಹಾಗೆ ಎದ್ದ ನನ್ನ ವಾರಗಿತ್ತಿ ಪಕ್ಕದ ಮನೆಯ ಹುಡುಗನನ್ನು ಕೂಗಿ ಚಿಲ್ಲರೆ ಕೊಟ್ಟು ಒಂದು ಪಲ್ಯದ ಬನ್ನು ತರಿಸಿಕೊಳ್ಳುತ್ತಿದ್ದಳು. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನುತ್ತಿದ್ದಳು. ನಾನು ಸ್ಕೂಲಿಂದ ಬೇಗ ಬಂದ ಒಂದೆರಡು ಸಲ ನೋಡಿದ್ದೆ. ನನ್ನನ್ನು ಕಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಗ ನಾನು ಅಂದುಕೊಂಡದ್ದು, "ಓಹೋ, ಇಲ್ಲಿದೆ ಗುಟ್ಟು." ಈಗ ಅನ್ನಿಸುತ್ತದೆ, ಆ ಇಡೀ ದಿನದಲ್ಲಿ ಇನ್ನೊಬ್ಬರು ಮಾಡಿಕೊಟ್ಟದ್ದನ್ನು ಅವಳು ಕೂತು ತಿಂದದ್ದು ಅದೊಂದೇ. ಅಂಗಡಿ ಪುಸ್ತಕದಲ್ಲಿ ಆ ಬನ್ನು ಇಲ್ಲ. ಅವಳು ಕೊಟ್ಟ ಚಿಲ್ಲರೆ ಎಲ್ಲಿಂದ ಬರುತ್ತಿತ್ತೋ, ಅದೂ ಇಲ್ಲ.

ಬನ್ನಿಗೆ, ಪಫ್ಸಿಗೆ ಹಾಕುತ್ತಿದ್ದದ್ದು ವನಸ್ಪತಿ. ನಮ್ಮ ಕಡೆ ಎಲ್ಲ ಕಂಪೆನಿಯ ವನಸ್ಪತಿಗೂ ಡಾಲ್ಡಾ ಎಂದೇ ಹೆಸರು. ಡಾಲ್ಡಾ ಈ ದೇಶದ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ದ್ರವವಾದ ಎಣ್ಣೆಗೆ ಜಲಜನಕ ಸೇರಿಸಿ ತುಪ್ಪದ ಹಾಗೆ ಗಟ್ಟಿ ಮಾಡುವುದು ಅದರ ವಿದ್ಯೆ. ಬೇಗ ಕಮಟುವುದಿಲ್ಲ, ಪದರ ಚೆನ್ನಾಗಿ ಬಿಡುತ್ತದೆ, ತುಪ್ಪಕ್ಕಿಂತ ಅಗ್ಗ. ಅಂಗಡಿಯವನಿಗೆ ಇನ್ನೇನು ಬೇಕು? ಆ ವಿದ್ಯೆಯಲ್ಲೇ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಷ್ಟು ಕೆಟ್ಟದ್ದೆಂಬುದು ಜನಕ್ಕೆ ತಿಳಿಯುವುದು ಬಹಳ ತಡವಾಯಿತು. ಎಣ್ಣೆ, ವನಸ್ಪತಿಯಲ್ಲಿ ಅದು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಲೆಕ್ಕ ಹಾಕಿದರೆ ಎಂಬತ್ತೈದು ವರ್ಷ.

ಪುಸ್ತಕಗಳಲ್ಲಿ ನಿಜವಾದ ತಿರುವು ಕಾಣುವುದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಶೆಟ್ಟರ ಎರಡನೆಯ ಮಗ ನಮ್ಮ ಬೀದಿಯಲ್ಲೇ ಒಂದು ಅಂಗಡಿ ಇಟ್ಟಿದ್ದ. ಮೈಲಿ ದೂರದ ಅಂಗಡಿ ಮೂವತ್ತು ಹೆಜ್ಜೆಗೆ ಬಂತು. ತಿಂಗಳಿಗೊಂದು ಚೀಟಿ ಹೋಗುತ್ತಿದ್ದ ಕಡೆ ದಿನಕ್ಕೆ ಮೂರು ಸಲ ಮಕ್ಕಳು ಓಡುತ್ತಿದ್ದರು. ನನ್ನ ಮಾವನವರ ಮುದ್ದಾದ ಅಕ್ಷರ ಹೋಗಿ ಅಂಗಡಿ ಹುಡುಗನ ಕೋಳಿಕಾಲಿನ ಅಕ್ಷರ ಪುಟ ತುಂಬುತ್ತದೆ: ಬಿಸ್ಕತ್ತು, ಬಿಸ್ಕತ್ತು, ಮ್ಯಾಗಿ, ಚಿಪ್ಸ್, ಬಿಸ್ಕತ್ತು, ಜ್ಯೂಸ್. ಮ್ಯಾಗಿ ಎಂಬತ್ತರ ದಶಕದಲ್ಲೇ ಬಂದಿತ್ತು. 1977ರಲ್ಲಿ ದೇಶ ಬಿಟ್ಟು ಹೋಗಿದ್ದ ಕೋಕಾ-ಕೋಲಾ 1993ರಲ್ಲಿ ಮರಳಿ ಬಂತು. ತಳತಳಿಸುವ ಪ್ಯಾಕೆಟ್ಟಿನ ಚಿಪ್ಸು, ಆಮೇಲೆ 1999ರಲ್ಲಿ ಕುರ್‌ಕುರೆ. ಅಂಗಡಿಯ ಮುಂದೆ ಮಾವಿನ ತೋರಣದ ಜಾಗದಲ್ಲಿ ಪ್ಯಾಕೆಟ್ಟುಗಳ ತೋರಣ ತೂಗಾಡತೊಡಗಿತು.

ಪ್ಯಾಕೆಟ್ಟಿಗಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ಆದದ್ದು ಎಣ್ಣೆಯಲ್ಲಿ. 1994ರಲ್ಲಿ ಸರ್ಕಾರ ಪಾಮೋಲಿನ್ ಎಣ್ಣೆಯನ್ನು ಹೊರದೇಶದಿಂದ ತರಿಸಲು ಖಾಸಗಿಯವರಿಗೆ ಬಾಗಿಲು ತೆರೆಯಿತು. ಮಲೇಷಿಯಾ, ಇಂಡೊನೇಷಿಯಾದ ತಾಳೆ ತೋಟಗಳ ಎಣ್ಣೆ ಹಡಗಿನಲ್ಲಿ ಬಂದು ಇಳಿಯಿತು. ಮುಂದೆ ನಮ್ಮ ದೇಶ ಅಡಿಗೆ ಎಣ್ಣೆಯನ್ನು ತರಿಸಿಕೊಳ್ಳುವುದರಲ್ಲಿ ಜಗತ್ತಿಗೇ ಮೊದಲನೆಯದಾಯಿತು. ಎಣ್ಣೆ ಅಗ್ಗವಾದರೆ ಬಜ್ಜಿ ಅಗ್ಗವಾಗುತ್ತದೆ, ಬಜ್ಜಿ ಅಗ್ಗವಾದರೆ ಬೀದಿಗೊಂದು ಬಾಣಲೆ ಹುಟ್ಟುತ್ತದೆ. 1960ರ ಸುಮಾರಿಗೆ ಈ ದೇಶದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಬರುತ್ತಿದ್ದ ಅಡಿಗೆ ಎಣ್ಣೆ ಮೂರು ಕಿಲೋ ಚಿಲ್ಲರೆ. ನೀತಿ ಆಯೋಗ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದು 19.7 ಕಿಲೋ. ದಿನಕ್ಕೆ ಭಾಗಿಸಿದರೆ 54 ಗ್ರಾಂ.

ನನ್ನ ಮನೆಯ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿದೆ. 1979ರಲ್ಲಿ ಒಂಬತ್ತು ಜನಕ್ಕೆ ತಿಂಗಳಿಗೆ ಮೂರು ಕಿಲೋ. ಒಬ್ಬರಿಗೆ ದಿನಕ್ಕೆ ಹನ್ನೊಂದು ಗ್ರಾಂ. ಕೊನೆಯ ಪುಸ್ತಕ 2003ರದು. ಅಷ್ಟರಲ್ಲಿ ಮೈದುನನ ಸಂಸಾರ ಮಹಡಿಗೆ ಹೋಗಿತ್ತು, ಕೆಳಗೆ ನಾವು ಐದು ಜನ. ತಿಂಗಳಿಗೆ ಐದು ಲೀಟರ್. ಒಬ್ಬರಿಗೆ ದಿನಕ್ಕೆ ಮೂವತ್ತು ಗ್ರಾಂ. ಹಾಗಾದರೆ 54ಕ್ಕೆ ಇನ್ನೂ ದೂರವಿದೆಯಲ್ಲ ಎಂದು ಸಮಾಧಾನವಾಯಿತು. ಮರುಕ್ಷಣ ಪೆಚ್ಚಾದೆ. ಬೇಕರಿಯ ಬನ್ನಿನೊಳಗಿದ್ದ ವನಸ್ಪತಿ, ಚಿಪ್ಸಿನೊಳಗಿದ್ದ ಪಾಮೋಲಿನ್, ಶನಿವಾರದ ಮಸಾಲೆದೋಸೆಯ ಎಣ್ಣೆ ಯಾವ ಪುಟದಲ್ಲಿದೆ? ಅಡಿಗೆಮನೆಯಲ್ಲಿ ಎಣ್ಣೆ ಸುರಿಯುವಾಗ ನಮ್ಮ ಕೈ ಕಾಣುತ್ತದೆ. ಅಂಗಡಿಯವರು ಸುರಿದದ್ದು ತಿಂಡಿಯೊಳಗೆ ಹೋಗಿ ಅಡಗಿಕೊಳ್ಳುತ್ತದೆ. ನೋಡಿ, 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ಬಂತು, ಒಳ್ಳೆಯದೇ. ಬೀದಿಯಲ್ಲಿ ಎಲ್ಲರೂ ಬಣ್ಣದ ಮಾತೇ ಆಡಿದರು. ಅದೇ ಎಣ್ಣೆಯಲ್ಲಿ ದಿನವಿಡೀ ಕರಿಯುವ ವಿಷಯ ಯಾರೂ ಎತ್ತಲಿಲ್ಲ.

ಸೊಸೈಟಿಯ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮದು ರಾಗಿಯ ಸೀಮೆ. ನ್ಯಾಯಬೆಲೆ ಅಂಗಡಿಯಲ್ಲಿ ಮುಖ್ಯವಾಗಿ ಸಿಕ್ಕಿದ್ದು ಅಕ್ಕಿ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಸಿಕ್ಕಿದಾಗ, ಜನ ಸೋಮಾರಿಗಳಾಗುತ್ತಾರೆಂದು ಮೂಗು ಮುರಿದವರನ್ನು ನಾನು ಬಲ್ಲೆ. ಅವರಾರೂ ಹಸಿದು ಮಲಗಿದವರಲ್ಲ. ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದವಳು ಆ ವರ್ಷ ಮೊದಲ ಸಲ ಸಾಲವಿಲ್ಲದೆ ಮಳೆಗಾಲ ಕಳೆದೆ ಎಂದಿದ್ದಳು. ಆದರೆ ಮಿಲ್ಲಿನಲ್ಲಿ ಪಾಲಿಷ್ ಆದ ಬಿಳಿ ಅಕ್ಕಿ ರಾಗಿಯ ಜಾಗದಲ್ಲಿ ಕೂತು, ಜೊತೆಗೆ ಬೇಳೆಯಾಗಲಿ ಸೊಪ್ಪಾಗಲಿ ಅಷ್ಟೇ ಅಗ್ಗದಲ್ಲಿ ಸಿಗದೆ ಹೋದದ್ದೂ ನಿಜ. ಹೊಟ್ಟೆ ತುಂಬುವುದಕ್ಕೂ ಮೈ ಬೆಳೆಯುವುದಕ್ಕೂ ನಡುವಿನ ವ್ಯತ್ಯಾಸ ಅಲ್ಲಿಯೂ ಇತ್ತು.

ಇದೆಲ್ಲದರ ಫಲ ಏನಾಯಿತೆಂಬುದಕ್ಕೆ ಅಂಕಿ ಅಂಶಗಳಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 15ರಿಂದ 49 ವಯಸ್ಸಿನ ಹೆಂಗಸರನ್ನು ತೂಗಿ ಅಳೆಯುತ್ತಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ 25ರ ಗೆರೆ ಮುಟ್ಟಿದವರು ಅಥವಾ ದಾಟಿದವರು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 23.3. ಮುಂದಿನ ಸಮೀಕ್ಷೆ 2019-20ರಲ್ಲಿ ನಡೆದಾಗ 30.1. ಗಂಡಸರೂ ಹಿಂದೆ ಬಿದ್ದಿಲ್ಲ. ನಾಲ್ಕು ವರ್ಷದಲ್ಲಿ ಇಡೀ ರಾಜ್ಯದ ಹೆಂಗಸರ ನಾಲಿಗೆಯ ಚಪಲ ಅಷ್ಟು ಹೆಚ್ಚಿತೆ? ನಾನು ನಂಬುವುದಿಲ್ಲ.

ನಮ್ಮ ಜನರ ಮೈಯಲ್ಲಿ ಇನ್ನೊಂದು ತೊಡಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿತ್ತು. ತೊಂಬತ್ತರ ದಶಕದಲ್ಲಿ ಸಂಶೋಧಕರು ಆ ಪುಸ್ತಕ ಹಿಡಿದು, ದೊಡ್ಡವರಾಗಿದ್ದ ಆ ಕೂಸುಗಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದು 1996ರಲ್ಲಿ ಪ್ರಕಟವಾಯಿತು. ಪುಣೆಯ ಡಾಕ್ಟರ್ ಯಾಜ್ಞಿಕ್ ತೋರಿಸಿದ್ದು ಇನ್ನೊಂದು ಸಂಗತಿ: ನೋಡಲು ಸಣಕಲಾಗಿ ಕಾಣುವ ನಮ್ಮವರ ಮೈಯಲ್ಲಿ, ಅಷ್ಟೇ ತೂಕದ ಯೂರೋಪಿನವರಿಗಿಂತ ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಇಲ್ಲದ ಕಾಲಕ್ಕೆ ತಯಾರಾಗಿ ಬಂದ ಮೈಯ ಮುಂದೆ ಮೂವತ್ತು ಹೆಜ್ಜೆಗೆ ಅಂಗಡಿ ಬಂದು ನಿಂತಿತು. ಇದು ನಮ್ಮ ತಲೆಮಾರಿನ ಕಥೆ.

ಇದನ್ನೆಲ್ಲ ನನಗೆ ತಿಳಿಸಿಕೊಟ್ಟವಳು ನನ್ನ ವಾರಗಿತ್ತಿಯ ಮಗಳು. ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ಆರೋಗ್ಯದ ಪಾಠ ಮಾಡುತ್ತಾಳೆ. ಪುಸ್ತಕಗಳನ್ನು ಅವಳ ಮುಂದೆ ಹರಡಿ, ಬೀದಿಗೆ ಇಷ್ಟು ಅಂಗಡಿ ಬರದಿದ್ದರೆ ನಿಮ್ಮಮ್ಮ ಇರುತ್ತಿದ್ದಳೇನೋ ಎಂದೆ. ಅವಳು ಒಪ್ಪಲಿಲ್ಲ.

"ಅಷ್ಟು ಸುಲಭ ಅಲ್ಲ ದೊಡ್ಡಮ್ಮ," ಎಂದು ಹೊರದೇಶದ ಎರಡು ಪ್ರಸಂಗ ಹೇಳಿದಳು. ಅಮೆರಿಕದ ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ, ಬಡವರೇ ಹೆಚ್ಚಿರುವ ಕಡೆ, ಹೊಸ ಫಾಸ್ಟ್‌ಫುಡ್ ಹೋಟೆಲು ತೆರೆಯಬಾರದೆಂದು 2008ರಲ್ಲಿ ನಗರಸಭೆ ಕಾನೂನು ಮಾಡಿತಂತೆ. 2015ರಲ್ಲಿ ನೋಡಿದರೆ ಅಲ್ಲಿನ ಜನರ ಬೊಜ್ಜು ಇಳಿದಿರಲಿಲ್ಲ, ಏರಿತ್ತು. ಕಾನೂನು ಹಿಡಿದದ್ದು ಒಂಟಿ ಕಟ್ಟಡದ ಹೊಸ ಹೋಟೆಲುಗಳನ್ನು ಮಾತ್ರ. ಚಿಪ್ಸು, ಸೋಡಾ, ಮಿಠಾಯಿ ಮಾರುವ ಸಣ್ಣ ಅಂಗಡಿಗಳು ಅವುಗಳ ಪಾಡಿಗೆ ನಡೆಯುತ್ತಿದ್ದವು. ಇನ್ನೊಂದು ಪಿಟ್ಸ್‌ಬರ್ಗ್ ನಗರದ್ದು. ಅಲ್ಲಿನ ಒಂದು ಬಡಾವಣೆಯಲ್ಲಿ ದಶಕಗಳಿಂದ ದೊಡ್ಡ ದಿನಸಿ ತರಕಾರಿ ಅಂಗಡಿಯೇ ಇರಲಿಲ್ಲ. ಇಂಥ ಜಾಗಕ್ಕೆ ಅವರು ಆಹಾರದ ಮರುಭೂಮಿ ಎನ್ನುತ್ತಾರೆ. 2013ರಲ್ಲಿ ಅಂಗಡಿ ಬಂತು. ಜನರ ಊಟ ಸ್ವಲ್ಪ ಸುಧಾರಿಸಿತು, ಸಕ್ಕರೆ ಕಡಿಮೆಯಾಯಿತು. ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಲಿಲ್ಲ, ತೂಕ ಇಳಿಯಲಿಲ್ಲ. ಆ ಸುಧಾರಣೆಯೂ ಹೊಸ ಅಂಗಡಿಗೆ ಹೋದವರಲ್ಲಿ, ಹೋಗದವರಲ್ಲಿ ಒಂದೇ ರೀತಿ ಕಂಡಿತಂತೆ.

"ಹಾಗಾದರೆ ಅಂಗಡಿಯದು ತಪ್ಪಿಲ್ಲ, ನಿಮ್ಮಮ್ಮನದೇ ತಪ್ಪು ಅನ್ನುತ್ತೀಯಾ?" ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತೆಂದು ಕಾಣುತ್ತದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ವಿಷಯ ಹೇಳಿದಳು. 2019ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತು ಜನರನ್ನು ಒಂದು ತಿಂಗಳು ಒಳಗೇ ಇಟ್ಟುಕೊಂಡು ಊಟ ಹಾಕಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ಟಿನ ಬಗೆಯ ತಿನಿಸು, ಎರಡು ವಾರ ಮನೆ ಅಡಿಗೆಯಂಥದ್ದು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮನಾಗಿರುವಂತೆ ನೋಡಿಕೊಂಡರು. ಬೇಕಾದಷ್ಟು ತಿನ್ನಿ ಎಂದರು. ಪ್ಯಾಕೆಟ್ಟಿನ ತಿನಿಸಿನ ಎರಡು ವಾರದಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಒಂದು ಕಿಲೋದ ಹತ್ತಿರ ತೂಕ ಏರಿತು. ಮನೆ ಅಡಿಗೆಯ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ಜನ ಅವರೇ, ಬಾಯಿ ಅದೇ.

"ಅಮ್ಮನಿಗೆ ಇದನ್ನು ಹೇಳಬೇಕಿತ್ತು," ಎಂದಳು. ಅವಳು ತೀರಿಕೊಂಡು ಎಂಟು ವರ್ಷವಾದ ಮೇಲೆ ಬಂದ ಸುದ್ದಿ ಅದು.

ಆಗ ನಾನು ಒಗೆಯುವ ಕಲ್ಲಿನ ಮೇಲೆ ಕಂಡದ್ದನ್ನೂ, ಆಡಿದ ಮಾತುಗಳನ್ನೂ ಅವಳಿಗೆ ಹೇಳಿದೆ. ಅವಳಿಗೆ ಗೊತ್ತಿತ್ತು. ಅಮ್ಮ ಹೇಳಿದ್ದರು ಎಂದಳು, ಅಷ್ಟೆ.

ಅದಾದ ಮೇಲೆ ಒಂದು ದಿನ ನಮ್ಮ ಮನೆಯ ಬಾಗಿಲಿನಿಂದ ಇನ್ನೂರು ಹೆಜ್ಜೆ ಎಣಿಸಿಕೊಂಡು ನಡೆದೆ. ಎರಡು ಬೇಕರಿ, ಒಂದು ಕಾಂಡಿಮೆಂಟ್ಸು, ಬಾಳೆಕಾಯಿ ಚಿಪ್ಸನ್ನು ಕಣ್ಣೆದುರೇ ಕರಿದು ಕೊಡುವ ಒಂದು ಮಳಿಗೆ, ಗೋಬಿ ಗಾಡಿ, ಪಾನಿಪುರಿ ಗಾಡಿ, ಮೂರು ದಿನಸಿ ಅಂಗಡಿ. ಸೊಪ್ಪು ತರಕಾರಿಯದು ಒಂದೂ ಇಲ್ಲ. 2023-24ರಲ್ಲಿ ಸರ್ಕಾರ ನಡೆಸಿದ ಮನೆಖರ್ಚಿನ ಸಮೀಕ್ಷೆ ಹೇಳುವುದೂ ಇದನ್ನೇ: ಪಟ್ಟಣದವರ ಖರ್ಚಿನಲ್ಲಿ ನೂರಕ್ಕೆ ಸುಮಾರು 11 ಪಾಲು ಹೋಗುವುದು ಪಾನೀಯ, ತಯಾರಾದ ತಿಂಡಿ ತಿನಿಸುಗಳಿಗೆ. ಧಾನ್ಯಕ್ಕಿಂತ, ತರಕಾರಿಗಿಂತ, ಹಾಲಿಗಿಂತಲೂ ಹೆಚ್ಚು.

ಶೆಟ್ಟರ ಮೊಮ್ಮಗ ಈಗ ಅಂಗಡಿಯಲ್ಲಿ ಕೂರುತ್ತಾನೆ. ನನ್ನ ಶಿಷ್ಯ. ಅಂಗಡಿಯಲ್ಲಿ ನಾಲ್ಕು ಕಟ್ಟು ಸೊಪ್ಪನ್ನೂ ಇಡಬಾರದೇನಪ್ಪಾ ಎಂದು ಕೇಳಿದೆ.

"ಇಟ್ಟು ನೋಡಿದ್ದೀನಿ ಮೇಡಂ," ಎಂದ. "ಇಪ್ಪತ್ತು ಕಟ್ಟು ತಂದರೆ ಸಂಜೆಗೆ ಏಳೆಂಟು ಬಾಡಿ ಹೋಗುತ್ತೆ. ಆ ನಷ್ಟ ನಂದು. ಚಿಪ್ಸಿನವರು ವಾರಕ್ಕೊಂದು ಸಲ ವ್ಯಾನಲ್ಲಿ ಬಾಗಿಲಿಗೇ ತಂದುಕೊಡ್ತಾರೆ. ತೂಗುಹಾಕೋಕೆ ಸ್ಟ್ಯಾಂಡು ಅವರದೇ. ತಾರೀಖು ಮುಗಿದ ಪ್ಯಾಕೆಟ್ ವಾಪಸು ತಗೊಂಡು ಹೋಗ್ತಾರೆ. ಸೊಪ್ಪನ್ನ ಯಾರು ವಾಪಸು ತಗೊಳ್ತಾರೆ, ನೀವೇ ಹೇಳಿ."

ನನಗೆ ಉತ್ತರ ಹೊಳೆಯಲಿಲ್ಲ. ಅವನ ತಾತನ ಅಂಗಡಿಯಲ್ಲೂ ಸೊಪ್ಪು ಇರಲಿಲ್ಲ, ಕೆಡದ ಸರಕೇ ಇತ್ತು. ಬೇಳೆ ಕೆಡುವುದಿಲ್ಲ, ಬೆಲ್ಲ ಕೆಡುವುದಿಲ್ಲ. ಕೆಡದೆ ಉಳಿಯುವ ಬೇಳೆಯ ಜಾಗಕ್ಕೆ ಕೆಡದೆ ಉಳಿಯುವ ಚಿಪ್ಸು ಬಂತು. ಅಂಗಡಿಯವನ ಕಡೆಯಿಂದ ನೋಡಿದರೆ ಬದಲಾದದ್ದು ಅಷ್ಟೇ. ನಮ್ಮ ಕಡೆ ಬದಲಾದದ್ದು ಮಂಕರಿಯವಳು ಬರುವ ಹೊತ್ತಿಗೆ ಬಾಗಿಲು ತೆರೆಯುವವರು ಇಲ್ಲವಾದದ್ದು. ಈಗ ಸೊಪ್ಪಿನವನು ಮೊಪೆಡ್ಡಿನಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಹತ್ತೂವರೆಗೆ ಬರುತ್ತಾನೆ. ನನ್ನ ಸೊಸೆ ಆಗ ಬ್ಯಾಂಕಿನ ಕೌಂಟರಿನಲ್ಲಿರುತ್ತಾಳೆ. ಪಕ್ಕದ ಮನೆಯವಳು ಗಾರ್ಮೆಂಟ್ಸಿನ ಹೊಲಿಗೆ ಮಿಷನ್ನಿನ ಮುಂದೆ, ಎದುರು ಮನೆಯವಳು ಅಂಗನವಾಡಿಯಲ್ಲಿ. ಅವರೆಲ್ಲ ಸಂಜೆ ಏಳಕ್ಕೆ ಸುಸ್ತಾಗಿ ಬಸ್ಸಿಳಿಯುವಾಗ ತೆರೆದಿರುವುದು ಬೇಕರಿ ಮತ್ತು ಗೋಬಿ ಗಾಡಿ. ಮನೆಯಲ್ಲಿ ಗಂಡಸರಿರುತ್ತಾರೆ, ಇಲ್ಲವೆಂದಲ್ಲ. ಸೊಪ್ಪು ಸೋಸುವುದು ಅವರ ಕೆಲಸವೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲವಂತೆ.

ಈಚೆಗೆ ನಾನು ಹತ್ತೂವರೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಮ್ಮ ಮನೆಗೆ, ಪಕ್ಕದವರಿಗೆ, ಎದುರಿನವರಿಗೆ ಸೇರಿಸಿ ದಂಟು, ಮೆಂತ್ಯ, ಸಬ್ಬಸಿಗೆ, ಯಾವುದು ಚೆನ್ನಾಗಿದ್ದರೆ ಅದನ್ನು ಕೊಳ್ಳುತ್ತೇನೆ. ನಮ್ಮ ಯಜಮಾನರಿಗೆ ಎಪ್ಪತ್ನಾಲ್ಕು. ಪೇಪರು ಓದಿ ಮುಗಿದ ಮೇಲೆ ಮೊರ ಮುಂದಿಟ್ಟುಕೊಂಡು ಸೋಸುತ್ತಾರೆ. ಮೊದಮೊದಲು ದಂಟನ್ನೆಲ್ಲ ಎಸೆದು ಬರೀ ಎಲೆ ಇಡುತ್ತಿದ್ದರು, ಈಗ ಪರವಾಗಿಲ್ಲ. ಸೋಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂರು ಪಾಲು ಮಾಡಿ ಇಡುತ್ತೇನೆ. ಸಂಜೆ ಬಸ್ಸಿಳಿದವರು ಬಂದು ತೆಗೆದುಕೊಂಡು ಹೋಗುತ್ತಾರೆ. ದುಡ್ಡನ್ನು ತಿಂಗಳ ಕೊನೆಗೆ ಕೊಡುತ್ತಾರೆ. ಯಾರದು ಎಷ್ಟಾಯಿತೆಂದು ನೆನಪಿರುವುದಿಲ್ಲವಾದ್ದರಿಂದ 2003ರ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ.